ಅಪ್ಪನ ಖಾತೆಗೆ ತಮ್ಮನ ನಂಬರು

ಆಡಿಟರ್ ಆಫೀಸಿನಲ್ಲಿ ನಾನು ಸದ್ದಿಲ್ಲದೆ ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ. ಎದುರಿನ ಬೆಂಚಿನ ಮೇಲೆ ತೆರಿಗೆ ಕೆಲಸಕ್ಕೆ ಬಂದಿದ್ದ ಒಬ್ಬ ಅಕ್ಕ, ಅವಳ ತಮ್ಮ, ನಡುವೆ ಅವರ ವಯಸ್ಸಾದ ಅಪ್ಪ ಕುಳಿತಿದ್ದರು.

"ಅಪ್ಪನ ತೆರಿಗೆಗೆ ಇವತ್ತೇ ಕೊನೇ ದಿನ ಕಣೋ. ನಿನ್ನ ಫೋನಿಗೆ ಬಂದಿರೋ ಓಟಿಪಿ ಹೇಳು."

"ಯಾಕಕ್ಕಾ, ಪಿಂಚಣಿ ಎಷ್ಟಿದೆ ಅಂತ ಇಣುಕಿ ನೋಡೋಕಾ?"

"ಅಪ್ಪನ ಖಾತೆಗೆ ನಿನ್ನ ನಂಬರು ಕೊಡು ಅಂತ ಯಾರು ಹೇಳಿದ್ರು?"

"ಆರು ವರ್ಷದಿಂದ ತೆರಿಗೆ ಕಟ್ಟಿದವನು ನಾನು. ಆಗೆಲ್ಲಾ ಎಲ್ಲಿದ್ದೆ?"

"ಅಪ್ಪನಿಗೆ ಸ್ನಾನ ಮಾಡಿಸ್ತಿದ್ದೆ. ನೀನು ಬಂದು ನೀರಾದ್ರೂ ಕಾಯಿಸಿದ್ಯಾ?"

"ಅದಕ್ಕೀಗ ಕೂಲಿ ಬೇಕಾ?"

"ಥೂ, ನಾಚಿಕೆ ಆಗಲ್ವಾ ನಿನಗೆ?"

ತಮ್ಮ ಫೋನನ್ನು ಜೇಬಿಗೆ ತುರುಕಿಕೊಂಡು ಎದ್ದು ಹೊರಟ. ಅಕ್ಕ ಬೈಯುತ್ತಲೇ ಅವನ ಹಿಂದೆ ಮೆಟ್ಟಿಲಿಳಿದಳು.

ಅಪ್ಪ ಬಾಗಿಲ ಕಡೆ ತಿರುಗಿ ಹೇಳಿದರು:

"ನನ್ನ ಹತ್ರಾನೂ ಫೋನಿದೆ. ನನ್ನ ನಂಬರೇ ಹಾಕಿಸ್ರಪ್ಪಾ."