ಸಮುದ್ರದ ತಳದ ಒಂದು ಹಿಡಿ ರಾಡಿ

ಅಲ್ಲ ಹುಡುಗ್ರಾ, ಕಷ್ಟ ಅಂದ್ರ ಏನಂತ ನಿಮ್ಮ ಮುತ್ಯಾನ್ನ ಯಾಕ ಕೇಳ್ತೀರಿ, ಈ ಕಾಕಾನ್ನ ಕೇಳ್ರಿ. ನಂಗಿನ್ನ ಇಪ್ಪತ್ನಾಲ್ಕು, ಖರೇ, ಆದ್ರ ನಾ ಕಂಡಷ್ಟು ಕಷ್ಟ ಈ ಸಂತೆಕಲ್ಲೂರಾಗ ಎಪ್ಪತ್ತರ ಮುದುಕರೂ ಕಂಡಿಲ್ಲ. ನಿಜಾಮನ ರಾಜ್ಯ ಹೋದ ಮರುವರ್ಷ, ಮನ್ಯಾಗ ನೆಲದಾಗ ಜ್ವಾಳ ತುಂಬಿಡೋ ಹಗೇವು ತಳ ಕಂಡಿತ್ತು, ರೇಷನ್ ಅಂಗಡಿ ಕಾಳು ಎತ್ತೂ ಮೂಸತಿದ್ದಿಲ್ಲ. ನಾ ಕಟ್ಟಿ ಮ್ಯಾಲ ಎಲ್ಲಾರ ಮುಂದ ಅಂದೆ, 'ಕಾರವಾರಕ್ಕ ಹೋಗಿ ನೌಕರಿ ಹಿಡೀತೀನಿ, ಹಿಡೀಲಿಲ್ಲಂದ್ರ ಮೀಸಿ ಬೋಳಿಸ್ಕೊಂಡು ಮಸ್ಕಿ ಸಂತ್ಯಾಗ ತಿರಗತೀನಿ.' ಆಗ ಮೀಸಿ ಈಗಿನಷ್ಟು ಇದ್ದಿಲ್ಲ, ಇರ್ಲಿ, ಮೀಸಿ ಮೀಸೀನ. ಲಿಂಗಸುಗೂರಾಗ ಬಸ್ ಹತ್ತಿದೆ.

ಕಾರವಾರದಾಗ ಒಬ್ರು ಕಾಲೇಜಿನ ಮಾಸ್ತರು, ಮೀನಿನ ಶಾಸ್ತ್ರ ಓದಿದಾವ್ರು. ದಂಡಿ ಹತ್ರದ ಸಮುದ್ರದಾಗ ಮುಳುಗಿ ಮೀನ ಗುರ್ತ ಹಿಡಿಯೋ ಆಳು ಬೇಕಾಗಿತ್ತು. 'ಈಜು ಬರುತ್ತೇನಪ್ಪಾ?' ಅಂದ್ರು. 'ನಮ್ಮೂರ ಬಾವಿ ಆರಾಳುದ್ದ ಐತ್ರಿ, ಅದರ ತಳ ನಂಗ ನಮ್ಮ ಅಡಗಿ ಮನಿ ಇದ್ದಂಗ' ಅಂದೆ. 'ಮೀನುಗಳ ಗುರುತು?' 'ಒಂದೊಂದರ ಹೆಸರು ಹೇಳಲೇನ್ರಿ?' ಅಂದೆ. ಹೇಳು ಅನ್ನಲಿಲ್ಲ, ಪುಣ್ಯಾ. ಕೊಳ್ಳಾಗ ಲಿಂಗ, ತತ್ತಿ ನೋಡಿದ್ರೂ ಕೈ ತೊಳಸೋ ಮನ್ಯಾಗ ಬೆಳದಾವ, ಮೀನ ಅಂದ್ರ ನಂಗ ಎಲ್ಲಾ ಒಂದ. ಮಾಸ್ತರು ಚಿತ್ರ ತೋರಿಸಿದ್ರು. ರೊಟ್ಟಿಯಂಗ ಚಪ್ಪಟಿ, ಉಸುಕಿನ ಬಣ್ಣ, ಬಾಲದ ಹತ್ರ ಮೂರು ಕರಿ ಚುಕ್ಕಿ, ಎರಡೂ ಕಣ್ಣು ಒಂದ ಮಗ್ಗಲಕ್ಕ. ಏ ತಂಗೆವ್ವ, ನಗಬ್ಯಾಡ, ಖರೇನ ಹಂಗ ಇರ್ತದ. ಇನ್ನೊಂದು ಮಗ್ಗಲ ನೆಲಕ್ಕ ಹಚ್ಚಿ ಮಲಗತದಲ್ಲ, ಅಲ್ಲಿ ಕಣ್ಣು ಯಾಕ ಬೇಕು. 'ಮೂರು ಸಲ ಮುಳುಗು. ಸಿಕ್ಕರೆ ಕೆಲಸ, ಇಲ್ಲದಿದ್ದರೆ ಊರಿಗೆ ಹೋಗು' ಅಂದ್ರು.

ಈಗ ನಮ್ಮ ಬಾವಿ ಕಾಯ್ದೆ ನಿಮಗ ಗೊತ್ತಲ್ಲ, ತಳ ಮುಟ್ಟಿದಾವ ಒಂದು ಹಿಡಿ ರಾಡಿ ತಂದು ತೋರಸಬೇಕು, ಇಲ್ಲಂದ್ರ ಯಾರೂ ನಂಬಂಗಿಲ್ಲ. ಲಿಂಗ ಬಿಗಿಯಾಗಿ ಕಟಗೊಂಡು ದೋಣಿಯಿಂದ ಜಿಗದೆ. ಉಪ್ಪು, ಉಪ್ಪಂದ್ರ ಉಪ್ಪು, ಕಣ್ಣಾಗ ಖಾರಪುಡಿ ಹಾಕಿದಂಗ. ಮ್ಯಾಲ ಬಂದು ರಾಡಿ ಇಟ್ಟೆ. 'ಮೀನು ಎಲ್ಲಿ?' ಅಂದ್ರು ಮಾಸ್ತರು. 'ಕಾಣಲಿಲ್ರಿ. ಆದ್ರ ತಳ ಮುಟ್ಟೀನಿ, ನೋಡ್ರಿ.' ಎರಡನೇ ಸಲಾನೂ ರಾಡಿ. ದೋಣಿ ನಡಸಾವ ಅಂದ, 'ಮಾಸ್ತರೇ, ಇವ ಸಮುದ್ರದ ಹೂಳು ತೆಗೂಕೆ ಬಂದವ ಸೈ.' ಮಾಸ್ತರು ಪೆನ್ನು ಮುಚ್ಚಿದ್ರು. ನಂಗ ಮೀಸಿ ನೆನಪಾತು.

ಮೂರನೇದು. ಉಸಿರು ಮುಗಿಯೋ ತನಕ ಹುಡುಕಿದೆ, ಏನೂ ಇಲ್ಲ, ಬರೇ ಉಸುಕು, ಬರೇ ಉಸುಕು. ಬರಿಗೈಲೆ ಹ್ಯಾಂಗ ಬರೋದು, ರೂಢಿ ನೋಡ್ರಿ, ಸಿಟ್ಟಿಲೆ ಎರಡೂ ಕೈಲೆ ರಾಡಿ ಬಾಚಿ ತಂದು ಮಾಸ್ತರ ಮುಂದ ಸುರವಿದೆ. ರಾಡಿ ನನ್ನ ನೋಡ್ತು. ಎರಡೂ ಕಣ್ಣಲೆ, ಒಂದ ಮಗ್ಗಲಿಂದ. ನಾ ಶಿವಶಿವಾ ಅಂತ ಜಿಗದ ಹೊಡತಕ್ಕ ತಿರುಗಿ ನೀರಿಗೆ ಬಿದ್ದೆ. ಮಾಸ್ತರು ಅದನ್ನ ತೊಳದು, 'ಒಂದು, ಎರಡು, ಮೂರು' ಅಂತ ಚುಕ್ಕಿ ಎಣಸಾಕತ್ತಿದ್ರು, ಖುಷಿಗೆ ಅಳೋದೊಂದು ಬಾಕಿ. ನಾ ನೀರಾಗಿಂದನ ಅಂದೆ, 'ಅದು ಅಲ್ಲೇ ಐತಂತ ಮೊದಲ ಗೊತ್ತಿತ್ರಿ, ನಿಮ್ಮ ತಾಳ್ಮಿ ನೋಡಾಕ ಎರಡು ಸಲ ಬಿಟ್ಟೆ.'

ನೌಕರಿ ಆತು. ಆದ್ರ ಮೀನ ಮುಟ್ಟಿದ ಕೈಲೆ ಉಣ್ಣೋದು ಹ್ಯಾಂಗ, ಮೂರು ದಿನ ತೆಂಗಿನ ಚಿಪ್ಪಿನ ಸೌಟಲೆ ಉಂಡೆ. ಊರಿಗೆ ಬಂದಾಗ ನಮ್ಮವ್ವ, 'ಎಂಥಾ ನೌಕರಿಲೇ?' ಅಂದ್ಳು. 'ಹೂಳು ತೆಗಿಯೋದು ಬೇ ಯವ್ವಾ' ಅಂದೆ. ಆಕಿಗೆ ನೀವ್ಯಾರೂ ಹೇಳಬ್ಯಾಡ್ರಿ. ಮತ್ತ, ಕೈಗೆ ಬಂದದ್ದನ್ನ ರಾಡಿ ಅಂತ ಒಗಿಯೋಕಿಂತ ಮುಂಚೆ ಒಮ್ಮೆ ತೊಳದು ನೋಡ್ರಿ. ಏಳ್ರಿ ಇನ್ನ, ರೊಟ್ಟಿ ಆರಾಕತ್ತಾವ.