ಹುಂಜಗಳು ಮರೆತ ಜಗಳ

ನೋಡಿ, ಒಬ್ಬ ಸಿರಿವಂತ. ಯಾವ ಊರಿನವನು ಅಂತ ಮಾತ್ರ ಕೇಳಬೇಡಿ, ಹೇಳಿದರೆ ನಿಮಗೆ ಗುರುತು ಸಿಕ್ಕೀತು! ಪಕ್ಕದ ಮನೆಯಲ್ಲೇ ಅವನ ಒಡಹುಟ್ಟಿದ ತಮ್ಮ. ನಡುವೆ ಎದೆಮಟ್ಟದ ಗೋಡೆ. ಮಾತಿಲ್ಲ, ಕತೆಯಿಲ್ಲ. ಕಾರಣ? ಆಸ್ತಿಯಲ್ಲ, ಹೊಲವಲ್ಲ. ಹಿಂದೆ ಯಾವುದೋ ಸಭೆಯಲ್ಲಿ ತಮ್ಮನ ಕೊರಳಿಗೆ ಮೊದಲು ಹಾರ ಬಿತ್ತು. ಅಷ್ಟೇ! ಹೂವು ಸಂಜೆಗೇ ಬಾಡಿತು, ಸಿಟ್ಟು ಬಾಡಲಿಲ್ಲ.

ಸಿರಿವಂತನ ಹಿತ್ತಿಲಿಗೆ ಹೊಂದಿಕೊಂಡೇ ಕುರುಚಲು ಕಾಡು. ಯಾರೋ ಎಂದೋ ತಂದು ಬಿಟ್ಟ ಟರ್ಕಿ ಕೋಳಿಗಳು ಅಲ್ಲಿ ಕಾಡಿನವೇ ಆಗಿಹೋಗಿದ್ದವು. ಚಳಿಗಾಲದಲ್ಲಿ ಹುಂಜಗಳದ್ದೇ ಒಂದು ಗುಂಪು. ಒಟ್ಟಿಗೆ ಮೇಯೋದು, ಕತ್ತಲಾದರೆ ಒಂದೇ ಮರ ಹತ್ತೋದು. ಚಳಿ ಕಳೆದು ಬಿಸಿಲೇರಿತು ಅನ್ನಿ, ಹೇಂಟೆಗಳ ಮುಂದೆ ಶುರುವಾಯಿತು ದೊಡ್ಡಸ್ತಿಕೆ! ಬಾಲ ಬಿಚ್ಚಿ, ಎದೆ ಉಬ್ಬಿಸಿ, ಅಣ್ಣ ತಮ್ಮ ಅನ್ನದೆ ಒಂದರ ಕುತ್ತಿಗೆ ಒಂದು ಹಿಡಿದು ಎಳೆದಾಡಿದವು. ಸಿರಿವಂತನಿಗೆ ಏನು ಖುಷಿ ಅಂತೀರಿ! ದೊಡ್ಡ ಹುಂಜಕ್ಕೆ ಕೈಯಾರೆ ಜೋಳ ಹಾಕಿದ. "ಭಲೇ! ಗಂಡಸು ಅಂದ್ರೆ ನೀನು. ಬಿಡಬೇಡ ಅವನನ್ನ!"

ಮಳೆ ಬಿತ್ತು. ಹೇಂಟೆಗಳು ಮರಿ ಕಟ್ಟಿಕೊಂಡು ತಮ್ಮ ದಾರಿ ಹಿಡಿದವು. ಹುಂಜಗಳು? ಹೊಡೆದಾಡಿದ ಅವೇ ಹುಂಜಗಳು ಮತ್ತೆ ಗುಂಪು ಕೂಡಿ ಹುಳ ಕೆದಕುತ್ತಿದ್ದವು! ಸಿರಿವಂತನ ಮೈ ಉರಿದುಹೋಯಿತು. "ಮಾನಗೆಟ್ಟವು!" ಅಂದ. ದೊಡ್ಡ ಹುಂಜವನ್ನು ಹಿಡಿಸಿ, ತಂತಿಬಲೆ ಕಟ್ಟಿಸಿ, ಒಳಗೆ ಹಾಕಿಸಿದ. ಬೆಳಗ್ಗೆ ಎದ್ದು ನೋಡುತ್ತಾನೆ, ಬಲೆಯ ಒಳಗೆ ಅದು, ಹೊರಗೆ ಅದರಿಂದಲೇ ಕುತ್ತಿಗೆ ಗಾಯ ಮಾಡಿಸಿಕೊಂಡಿದ್ದ ಸಣ್ಣ ಹುಂಜ. ಎರಡೂ ಮೈ ತಾಗಿಸಿಕೊಂಡು ಕೂತಿವೆ.

ಅವತ್ತೇ ತಮ್ಮನ ಮಗಳ ಮದುವೆ. ತಮ್ಮ ತಾನೇ ಗೇಟಿನ ತನಕ ಬಂದ. "ಅಣ್ಣಾ, ಧಾರೆಗೆ ನೀನಿರಬೇಕು. ದೊಡ್ಡಪ್ಪ ಬರಲ್ವಾ ಅಂತ ಮಗು ಕೇಳ್ತಿದಾಳೆ."

"ಅವತ್ತು ಹಾರ ಹಾಕಿಸ್ಕೊಳ್ಳುವಾಗ ಅಣ್ಣ ನೆನಪಾಗಲಿಲ್ವೇನೋ?"

ಹೆಂಡತಿ ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದಳು. "ಆ ಹುಂಜಕ್ಕಿರೋ ಬುದ್ಧಿ ನಿಮಗಿಲ್ವಲ್ಲ ರೀ!" ಅಂದವಳೇ ಮೈದುನನ ಹಿಂದೆ ಹೊರಟುಬಿಟ್ಟಳು. ಇವನೇನು ಮಾಡಿದ ಗೊತ್ತೇ? ಆಳನ್ನು ಕರೆದು, ಹುಂಜಗಳ ನಡುವೆ ತಗಡು ಹೊಡೆಸಿದ!

ಪಕ್ಕದ ಅಂಗಳದಲ್ಲಿ ಗಟ್ಟಿಮೇಳ ಮೊಳಗಿತು. ತಡೆಯಲಾರದೆ ಗೋಡೆಯ ಹತ್ತಿರ ಹೋಗಿ ಇಣುಕಿದ. ಅವನು ನಿಲ್ಲಬೇಕಾದ ಜಾಗದಲ್ಲಿ ಇನ್ಯಾರೋ ನಿಂತು ಅಕ್ಷತೆ ಹಾಕುತ್ತಿದ್ದರು. ಮದುಮಗಳು ಒಮ್ಮೆ ಈ ಕಡೆ ತಿರುಗಿದಳು. ದೊಡ್ಡಪ್ಪ ಗೋಡೆಯ ಮರೆಗೆ ಕುಕ್ಕರಗಾಲಲ್ಲಿ ಬಗ್ಗಿ ಕೂತುಬಿಟ್ಟ. ಅಯ್ಯೋ, ಎಂಥ ಬಾಳು ಅದು!

ನಗ್ತೀರಿ. ನಗಿ, ನಗಿ. ಕೋಳಿಯ ಜಗಳಕ್ಕೂ ಒಂದು ಕಾಲ ಇದೆ, ಮುಗಿಯೋ ಕಾಲ ಇದೆ. ನಿಮ್ಮ ಜಗಳಕ್ಕೆ? ಇಲ್ಲಿ ಗುಡಿಗೆ ಕತೆ ಕೇಳೋಕೆ ಬಂದೂ ಅಣ್ಣ ಈ ತುದಿ, ತಮ್ಮ ಆ ತುದಿ ಹಿಡಿದು ಕೂತಿರೋದು ನನಗೆ ಕಾಣಲ್ಲ ಅಂದ್ಕೊಂಡಿರಾ? ಜಪ ಮಾಡ್ತೀರಿ, ಉಪವಾಸ ಮಾಡ್ತೀರಿ, ಅದೆಲ್ಲ ಇರಲಿ. ನಾಳೆ ಬೆಳಗ್ಗೆ ಹಾಲಿಗೆ ಹೋಗುವಾಗ ತಮ್ಮ ಎದುರಾದರೆ ರಸ್ತೆಯ ಆ ಬದಿಗೆ ದಾಟಬೇಡಿ. ನಿಂತು, "ತಿಂಡಿ ಆಯ್ತೇನೋ?" ಅಂತ ಕೇಳಿ. ಉತ್ತರ ಬರದಿದ್ದರೆ ನಾಡಿದ್ದು ಮತ್ತೆ ಕೇಳಿ. ಮಂಗಳಾರತಿಗೆ ಇನ್ನೂ ಹೊತ್ತಿದೆ. ಈಗಲೇ ಎದ್ದು ಹೋಗಿ ಅವನ ಪಕ್ಕ ಕೂತರೂ ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಏಳಿ, ನಾನು ಕಾಯ್ತೀನಿ.