ಬರ್ತೀನಿ ಅಂದಿದ್ದಕ್ಕೆ

ಇದು ಬೇರೆ ಯಾರಿಗೋ ಆಗಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಅಕ್ಕ ಆಗಷ್ಟೇ ಗಂಡನನ್ನು ಬಿಟ್ಟು ಬಂದಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಬಾಡಿಗೆಗೊಂದು ರೂಮು. ಗಂಡನ ಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ "ಬರ್ತೀನಿ" ಅಂದುಬಿಟ್ಟಿದ್ದಳಂತೆ. ಅವನು ಪೇಪರಿನಿಂದ ತಲೆ ಎತ್ತದೆ, "ಬರ್ತೀಯ, ಗೊತ್ತು. ಒಬ್ಬಳೇ ಮಲಗೋಕೆ ಧೈರ್ಯ ಎಲ್ಲಿದೆ ನಿಂಗೆ" ಅಂದಿದ್ದ.

ಮೊದಲ ದಿನವೇ ಕೆಲಸ ಮುಗಿಯೋದು ತಡವಾಯಿತು. ದಾರಿಯಲ್ಲಿ ಹಳೇ ಬಾವಿ. ಕಟ್ಟೆಯ ಮೇಲೆ ಒಬ್ಬ ಅಜ್ಜಿ... ಸೆರಗು ಹಿಂಡುತ್ತಿದ್ದಳು. ತೊಟ್... ತೊಟ್...

"ಒಬ್ಬಳೇನಾ?" ಪಿಸುಮಾತು.

"ಹೂಂ."

ಅಕ್ಕ ಏನೂ ತೋಚದೆ "ಬರ್ತೀನಿ ಅಜ್ಜಿ" ಅಂದು ಬಿರಬಿರನೆ ನಡೆದಳು.

ಹಿಂದಿನಿಂದ ಕೇಳಿತು.

"ಯಾವಾಗ?"

ಬೆಳಿಗ್ಗೆ ಇದನ್ನು ಕೇಳಿ ಮನೆ ಓನರ್ ಆಂಟಿ ನಕ್ಕುಬಿಟ್ಟರು. ಆ ಬಾವಿ ಬತ್ತಿ ಎಷ್ಟೋ ಕಾಲವಾಯಿತು, ಅಲ್ಲಿ ಸೆರಗು ಒದ್ದೆ ಮಾಡ್ಕೋಬೇಕಂದ್ರೆ ಕೂತು ಅಳಬೇಕಷ್ಟೇ ಅಂದರು.

ಅವತ್ತು ರಾತ್ರಿ ತೊಟ್... ತೊಟ್... ಮೆಟ್ಟಿಲ ಹತ್ತಿರ. ಮಾರನೇ ರಾತ್ರಿ ಬಾಗಿಲಾಚೆ. ಆಮೇಲೆ... ಮಂಚದ ಪಕ್ಕ. ಪ್ರತಿ ಸಲ ಅದೇ ಒಂದು ಮಾತು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತು ಬೆಳಗು ಮಾಡುತ್ತಿದ್ದಳು. ಕೊನೆಗೆ ಸೋತಳು. ಗಂಡನ ಹೊಡೆತವಾದರೂ ಗೊತ್ತಿರೋ ಹೊಡೆತ ಅನ್ನಿಸಿತಂತೆ. ಬ್ಯಾಗು ತುಂಬಿ, ಕತ್ತಲಲ್ಲೇ ಬಸ್ ಸ್ಟಾಂಡಿಗೆ ಹೊರಟಳು. ಬಾವಿ ಹತ್ತಿರ ಬಂದಾಗ ಗಂಡನಿಗೆ ಫೋನು ಮಾಡಿದಳು.

ಅವನು ಹಲೋ ಕೂಡ ಅನ್ನಲಿಲ್ಲ.

"ಯಾವಾಗ?"

ಇನ್ನೊಂದು ಕಿವಿಯ ಹತ್ತಿರ, ತಣ್ಣಗೆ... "ಯಾವಾಗ?"

ಅಕ್ಕ ನಮ್ಮನೇಲಿ ಯಾರೂ ಹೊರಡುವಾಗ ಅನ್ನದ ಮಾತನ್ನು ಅಂದಳು.

"ಬರಲ್ಲ. ನಾನು ಹೋಗ್ತೀನಿ."

ಯಾರಿಗೆ ಹೇಳಿದ್ದು ಅಂತ ಅವಳಿಗೇ ಗೊತ್ತಿಲ್ಲ. ಫೋನು ಕಟ್ಟಾಯಿತು. ತೊಟ್ ಅನ್ನೋದು ನಿಂತಿತು. ಕತ್ತಲಲ್ಲಿ, ಬಾವಿ ಕಟ್ಟೆ ಕಡೆಯಿಂದ ಯಾರೋ ಉಸಿರು ಬಿಟ್ಟರು.

"ನಂಗೆ ಹಾಗನ್ನೋಕೆ ಬರಲೇ ಇಲ್ಲ ಕಣೆ..."

ಅಕ್ಕ ಬ್ಯಾಗು ಹಿಡಿದು ರೂಮಿಗೇ ವಾಪಸಾದಳು. ಭಯ ಹೋಯ್ತು ಅಂತ ಅವಳು ಯಾವತ್ತೂ ಹೇಳಿಲ್ಲ. ಈಗಲೂ ಲೈಟ್ ಹಾಕ್ಕೊಂಡೇ ಮಲಗೋದು. ಆದರೆ ಅಲ್ಲೇ ಮಲಗೋದು.

ಆ ರಾತ್ರಿ ಕಳೆದ ಬೆಳಿಗ್ಗೆ ಅವಳ ಬಾಗಿಲ ಮುಂದೆ ಒಂದು ಜೊತೆ ಹೆಂಗಸರ ಹಳೇ ಚಪ್ಪಲಿ ಇತ್ತು, ಮೂತಿ ರಸ್ತೆ ಕಡೆಗೆ. ತಮ್ಮದು ಅಂತ ಯಾರೂ ಹೇಳಲಿಲ್ಲ. ಎಷ್ಟು ಬಿಸಿಲು ಬಿದ್ದರೂ ಅದು ಒಣಗಲ್ಲ. ನಾನೇ ಮುಟ್ಟಿ ನೋಡಿದ್ದೀನಿ. ಕೈ ಒದ್ದೆಯಾಯಿತು.